ಗಿರಿಜಾಂಬಿಕಾಳ ಬ್ಲೋವರ್

"ಒಳಗೆ ಬರೋಕೆ ಮುಂಚೆ ಒಂದ್ಮಾತು. ನಾನು ನಿಮ್ಮನ್ನ ಕರೆಸಿಲ್ಲ," ಎಂದಳು ಗಿರಿಜಾಂಬಿಕಾ, ಷೆಡ್ಡಿನ ಬಾಗಿಲಿಗೆ ಅಡ್ಡ ನಿಂತು.

"ಗೊತ್ತು ಕಣ್ರೀ. ಚಿಕ್ಕರಂಗಣ್ಣ ಬಸ್ಸತ್ತಿ ತಿಪಟೂರಿಗೆ ಬಂದು ಕರೆದ್ರು. ಅವರಿಗೋಸ್ಕರ ಬಂದಿದೀನಿ," ಎಂದ ಮೆಕ್ಯಾನಿಕ್ ಏಕಾಂತಯ್ಯ.

ಅವಳು ದಾರಿ ಬಿಡಲಿಲ್ಲ. ಅವನು ಪಕ್ಕದಲ್ಲೇ ನುಸುಳಿಕೊಂಡು ಒಳಗೆ ಹೋದ. ಅವಳ ಸೆರಗು ಅವನ ತೋಳಿಗೆ ತಾಗದಂತೆ ಇಬ್ಬರೂ ಉಸಿರು ಬಿಗಿಹಿಡಿದಿದ್ದರು.

ಅಪ್ಪ ಸದಾಶಿವಯ್ಯ ತೀರಿಕೊಂಡ ಮೇಲೆ ಕಿಬ್ಬನಹಳ್ಳಿಯ ಆ ಮರಗೆಲಸದ ಷೆಡ್ಡನ್ನು ಅವಳೇ ನಡೆಸುತ್ತಿದ್ದಳು. ನಾಲ್ಕು ವರ್ಷದ ಹಿಂದೆ, ಎಂಬತ್ತೊಂದನೇ ಇಸವಿಯಲ್ಲಿ, ಅಪ್ಪ ಇದ್ದಾಗ, ಗರಗಸದ ಧೂಳನ್ನು ಎಳೆದು ಚೀಲಕ್ಕೆ ತುಂಬುವ ಬ್ಲೋವರನ್ನು ಕೂರಿಸಿಕೊಟ್ಟವನು ಇದೇ ಏಕಾಂತಯ್ಯ. ಮೂರು ದಿನದ ಕೆಲಸ. ಆ ಮೂರು ದಿನವೂ ಅವಳು ಅವನು ಕೇಳಿದರೂ ಕೇಳದಿದ್ದರೂ ಕಾಫಿ ತಂದಿದ್ದಳು. ಕೊನೆಯ ದಿನ ಅವನು ಅಪ್ಪನಿಗೆ ಹೇಳಿದ ಮಾತು ಕಿವಿಗೆ ಬಿತ್ತು: "ಯಜಮಾನ್ರೇ, ಹೆಣ್ಮಕ್ಕಳ ಕೈಗೆ ಮಾತ್ರ ಇದರ ಸ್ವಿಚ್ ಕೊಡಬೇಡಿ." ಲೋಟವನ್ನು ಅಲ್ಲೇ ಕುಕ್ಕಿ ಹೋದವಳು ಮತ್ತೆ ಅವನ ಮುಖ ನೋಡಿರಲಿಲ್ಲ.

ಎರಡು ತಿಂಗಳ ಹಿಂದೆ ಬ್ಲೋವರಿನ ಮೋಟಾರು ಸುಟ್ಟಾಗಲೂ ಅವನಿಗೆ ಹೇಳಿ ಕಳಿಸಲಿಲ್ಲ. ಒಳಗಿನ ತಂತಿ ಹೊಸದಾಗಿ ಸುತ್ತಿಸಿ ರಿವೈಂಡಿಂಗ್ ಮಾಡಿಸಿ ತಂದು ವೈರುಗಳನ್ನು ತಾನೇ ಜೋಡಿಸಿದಳು. ಮೋಟಾರು ತಿರುಗಿತು. ಆದರೆ ಧೂಳು ಷೆಡ್ಡಿನಲ್ಲೇ ಉಳಿಯತೊಡಗಿತು. ಕಳೆದ ವಾರ ಷೆಡ್ಡಿನ ಮುದಿ ಬಡಗಿ ಚಿಕ್ಕರಂಗಯ್ಯ ಕೆಮ್ಮುತ್ತಾ ಮುಗ್ಗರಿಸಿ, ಓಡುತ್ತಿದ್ದ ಗರಗಸದಿಂದ ಗೇಣು ದೂರದಲ್ಲಿ ಕೈ ಊರಿದ್ದ. ಅವತ್ತೇ ಉಳಿ, ಸುತ್ತಿಗೆ ಕೆಳಗಿಟ್ಟು, "ಇದು ಸರಿಹೋಗೋಗಂಟ ನಾನ್ ಗರಗಸ ಮುಟ್ಟಾಕಿಲ್ಲ ಕಣವ್ವ" ಎಂದುಬಿಟ್ಟಿದ್ದ. ಈಗ ಬಾಗಿಲ ಬಳಿ ಟವಲು ಬಾಯಿಗೊತ್ತಿಕೊಂಡು ಕೂತಿದ್ದ.

ಏಕಾಂತಯ್ಯ ಚೀಲವನ್ನು ಹಿಸುಕಿ ನೋಡಿದ. "ಇದನ್ನ ಕೊಡವಿದ್ರಾ?"

"ಇಲ್ಲ, ದಿನಾ ಪೂಜೆ ಮಾಡ್ತಿದ್ದೆ."

"ಹೊರಗಿಂದ ಬಡಿದ್ರೆ ಸಾಲಲ್ಲ. ಒಳಮೈ ಹೊರಗೆ ತಿರುಗಿಸಿ ಕೊಡವಬೇಕು, ನೇಯ್ಗೇಲಿ ಹಿಟ್ಟಿನಂಥ ಧೂಳು ಕೂತಿದೆ." ಚೀಲವನ್ನು ಹಾಗೇ ಕೊಡವಿ ಮತ್ತೆ ಕಟ್ಟಿ ಕೈಚಾಚಿದ. "ಒಂದು ಮೊಳ ಹೊಲಿಗೆ ದಾರ ಕೊಡ್ತೀರಾ?"

"ಯಾಕೆ, ಮಿಷನ್ನಿಗೆ ತಾಯತ ಕಟ್ತೀರಾ?"

ಅವನ ತುಟಿಯ ಒಂದು ತುದಿ ಅಲುಗಿತು. ನಗು ಎಂದು ಅವಳಿಗೆ ಅನುಮಾನ ಬಂದು ಇನ್ನಷ್ಟು ಸಿಟ್ಟಾಯಿತು. ಅವನು ತಾನೇ ಬ್ಲೋವರ್ ಓಡಿಸಿ, ದಾರವನ್ನು ಪೈಪಿನ ಜೋಡಣೆಗಳ ಪಕ್ಕದಲ್ಲಿ ಹಿಡಿಯುತ್ತಾ ಹೋದ. ಎರಡು ಕಡೆ ಸಂದಿ ದಾರವನ್ನು ಒಳಕ್ಕೆ ಎಳೆದುಕೊಂಡಿತು. "ಇಲ್ಲಿ ಗಾಳಿ ಸೋರ್ತಿದೆ," ಎಂದು ಬಟ್ಟೆ ಬಿಗಿದ. ಬ್ಲೋವರ್ ನಿಲ್ಲಿಸಿ, ಪೈಪು ಬಗ್ಗಿದ ಕಡೆ ಬಿಚ್ಚಿ ಒಂದು ಮೊರದಷ್ಟು ಹತ್ತರಿ ಉಜ್ಜಿದ ಮರದ ಸಿಪ್ಪೆ ಹೊರತೆಗೆದ.

"ಈಗ ನೀವೇ ಸ್ವಿಚ್ ಹಾಕಿ."

"ನನ್ನ ಕೈಗೆ ಕೊಡಬಹುದಾ?" ಎಂದಳು. ಅವನ ಕಿವಿ ಕೆಂಪಾಯಿತು.

ಬ್ಲೋವರ್ ಗುಂಯ್ಗುಟ್ಟಿತು. ಧೂಳು ಮಾತ್ರ ಇನ್ನೂ ಸೋಮಾರಿಯಂತೆ ಪೈಪಿನ ಬಾಯಿಯ ಬಳಿ ಹೊರಳಾಡಿತು.

"ಆಫ್ ಮಾಡಿ." ಫ್ಯಾನು ನಿಧಾನವಾಗುವುದನ್ನು ಅವನು ಬಗ್ಗಿ ನೋಡಿದ. ಅವಳೂ ಬಗ್ಗಿದಳು. ಕವಚದ ಮೇಲಿನ ಬಾಣದ ಗುರುತು ಒಂದು ಕಡೆ, ರೆಕ್ಕೆಗಳು ಅದರ ಎದುರು ದಿಕ್ಕಿಗೆ. ಅವಳ ಮುಖ ಬಿಳಿಚಿಕೊಂಡಿತು.

ಅವನು ಥಟ್ಟನೆ ಎದ್ದ. "ಚಿಕ್ಕರಂಗಣ್ಣ, ರಿವೈಂಡಿಂಗ್ ಮಾಡ್ದೋನು ಏನೋ ಎಡವಟ್ಟು..."

"ಸುಳ್ಳು ಹೇಳ್ಬೇಡಿ!" ಅವಳ ಸ್ವರ ಷೆಡ್ಡಿಗೆಲ್ಲ ಕೇಳಿತು. "ಚಿಕ್ಕರಂಗಣ್ಣ, ವೈರ್ ಜೋಡಿಸ್ದೋಳು ನಾನು. ಫ್ಯಾನು ಉಲ್ಟಾ ತಿರುಗ್ತಿದೆ."

"ಉಲ್ಟಾ ತಿರುಗಿದ್ರೂ ಸ್ವಲ್ಪ ಎಳೆಯುತ್ತೆ ಕಣ್ರೀ. ಅದಕ್ಕೇ ಯಾರಿಗೂ ಗೊತ್ತಾಗಲ್ಲ," ಎಂದ ಮೆಲ್ಲಗೆ.

"ನಿಮ್ಮ ಕನಿಕರ ಬೇಡ. ಏನು ಮಾಡ್ಬೇಕು ಹೇಳಿ."

"ಮೂರರಲ್ಲಿ ಯಾವುದಾದ್ರೂ ಎರಡು ವೈರ್ ಅದಲು ಬದಲು." ಮೇನ್ ಆಫ್ ಮಾಡಿ, ಫ್ಯೂಸುಗಳನ್ನು ಕಿತ್ತು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ. ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟ.

ಅವಳು ಸ್ಕ್ರೂ ಬಿಚ್ಚುತ್ತಿದ್ದಾಗ ಅವನು ನೆಲ ನೋಡುತ್ತಾ ಹೇಳಿದ: "ಅವತ್ತಿನ ಮಾತು... ಶೆಟ್ಟಿಕೆರೆ ಹತ್ರ ಮಿಲ್ಲಿನಲ್ಲಿ ನಮ್ಮಕ್ಕನ ಸೆರಗು ಬೆಲ್ಟಿಗೆ ಸಿಕ್ಕಿ ತೋಳು ಹೋಯ್ತು. ನೀವು ಈ ಬ್ಲೋವರಿನ ಬೆಲ್ಟಿನ ಪಕ್ಕ ಬಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು."

"ಅದನ್ನ ನನಗೇ ಹೇಳೋಕೆ ಬಾಯಿರಲಿಲ್ವಾ? ಬೆಲ್ಟಿಗೆ ಜಾಲರಿ ಹಾಕೋದು ಬಿಟ್ಟು ಹೆಣ್ಮಕ್ಕಳನ್ನ ಆಚೆ ಹಾಕಿದ್ರಿ."

"ತಪ್ಪು ನಂದೇ." ಮುಷ್ಟಿಯಲ್ಲಿದ್ದ ಫ್ಯೂಸುಗಳನ್ನು ತಿರುವುತ್ತಾ ಅಂದ, "ಪ್ರತಿ ಶನಿವಾರ ಈ ಊರಿಗೆ ಬಂದು ಎದುರಿನ ಹೋಟ್ಲಲ್ಲಿ ಕಾಫಿ ಕುಡೀತೀನಿ. ಈ ಬ್ಲೋವರ್ ಸೌಂಡ್ ಕೇಳಿದ್ರೆ ನೀವು ಒಳಗಿದ್ದೀರ ಅಂತ ಒಂಥರಾ ಸಮಾಧಾನ. ಎರಡು ತಿಂಗಳ ಹಿಂದೆ ಸೌಂಡು ಬದಲಾಯ್ತು. ಉಲ್ಟಾ ಓಡ್ತಿದೆ ಅಂತ ಆಗ್ಲೇ ಅನ್ನಿಸ್ತು."

ಅವಳ ಕೈ ನಿಂತಿತು. ಒಂದು ಕ್ಷಣ ಎದೆಯೊಳಗೆ ಏನೋ ಸಿಹಿಯಾಗಿ ಕರಗಿತು. ಮರುಕ್ಷಣ ಕಣ್ಣು ಕೆಂಡವಾಯಿತು.

"ಗೊತ್ತಿದ್ದೂ ಸುಮ್ನಿದ್ರಾ? ಚಿಕ್ಕರಂಗಣ್ಣ ಎರಡು ತಿಂಗಳು ಧೂಳು ಕುಡಿದಿದ್ದಾರೆ!"

"ಒಂದ್ಸಲ ಗೇಟಿನ ತನಕ ಬಂದೆ. ನೀವು ಬೈತೀರ ಅಂತ ವಾಪಸ್ ಹೋದೆ."

"ಬೈಸ್ಕೊಬೇಕಿತ್ತು!"

ಅವನು ತಲೆ ತಗ್ಗಿಸಿದ. ತಗ್ಗಿದ ಆ ತಲೆ ನೋಡುತ್ತಾ, ತನ್ನ ಹಟದಿಂದಲೂ ಅದೇ ಧೂಳು ಎದ್ದಿತ್ತಲ್ಲ ಎಂದು ಅವಳಿಗೆ ಹೊಳೆಯಿತು. ಸ್ಕ್ರೂ ಬಿಗಿದು ಎದ್ದು, ಚಿಕ್ಕರಂಗಯ್ಯನ ಮುಂದೆ ಹೋಗಿ ನಿಂತಳು. "ತಪ್ಪಾಯ್ತು ಚಿಕ್ಕರಂಗಣ್ಣ. ನೀವೂ ಕ್ಷಮೆ ಕೇಳ್ರೀ," ಎಂದಳು ಏಕಾಂತಯ್ಯನ ಕಡೆ ತಿರುಗಿ. ಅವನು ಬಂದು ಪಕ್ಕದಲ್ಲಿ ನಿಂತು ಕೈಮುಗಿದ.

"ತಪ್ಪಾಯ್ತು ಅಂದ್ರೆ ಕೆಮ್ಮು ಹೋಯ್ತದಾ?" ಮುದುಕ ಗುರುಗುಟ್ಟಿದ. "ನಾಳೀಕೆ ಇಬ್ರೂ ಸೇರಿ ನನ್ನ ತಿಪಟೂರು ಡಾಕ್ಟ್ರ ತಾವ ಕರ್ಕಂಡೋಗಿ. ಜಗಳ ಬಸ್ನಾಗೆ ಆಡ್ಕಳಿ."

ಫ್ಯೂಸು ಹಾಕಿದರು. ಅವಳು ಸ್ವಿಚ್ ಒತ್ತಿದಳು. ನೆಲದ ಮೇಲಿದ್ದ ಹೊಟ್ಟು ಸರ್ರನೆ ಪೈಪಿನೊಳಕ್ಕೆ ಹಾರಿತು, ಚೀಲ ಉಬ್ಬಿ ನಿಂತಿತು.

ಏಕಾಂತಯ್ಯ ಟೂಲ್ ಬಾಕ್ಸ್ ಎತ್ತಿಕೊಂಡ. "ಸೋಮವಾರ ಬಂದು ಬೆಲ್ಟಿಗೆ ಜಾಲರಿ ಹಾಕಿಕೊಡ್ತೀನಿ. ನೀವು ಒಪ್ಪಿದ್ರೆ."

"ಒಬ್ರೇ ಬರಬೇಡಿ. ನಿಮ್ಮ ತಾಯೀನ ಕರ್ಕೊಂಡ್ ಬನ್ನಿ."

"ಅಮ್ಮ ಯಾಕೆ?"

"ನಿಮ್ಮ ಮೇಲೆ ದೂರು ಹೇಳೋದಿದೆ," ಎಂದಳು ಗಿರಿಜಾಂಬಿಕಾ, ಮುಖ ಗಂಟಿಕ್ಕಿಕೊಂಡೇ. "ಒಂದಲ್ಲ ಎರಡಲ್ಲ. ಜೀವಮಾನ ಪೂರ್ತಿ ಹೇಳುವಷ್ಟಿದೆ."