ಬೇರೆಯವರ ಒಲೆಗಲ್ಲು

ಅವನು ಮೊದಲು ಮಾತಾಡಿಸಿದ್ದು ನನ್ನ ಮುಖವನ್ನಲ್ಲ, ಬೆನ್ನನ್ನು. ಚರ್ಚಿನ ಆಫೀಸಿನಲ್ಲಿ ನಾನು ಸ್ಟೂಲ್ ಹತ್ತಿ, ಮೇಲಿನ ಶೆಲ್ಫಿನಿಂದ ಜ್ಞಾನಸ್ನಾನದ ದಾಖಲೆಯ ಹಳೆಯ ಪುಸ್ತಕವೊಂದನ್ನು ಎಳೆಯುತ್ತಿದ್ದೆ.

"ಮೇಡಂ, ನಮ್ಮ ಮುತ್ತಜ್ಜ ಇಲ್ಲೆಲ್ಲೋ ಕಳೆದುಹೋಗಿದಾನೆ. ಸ್ವಲ್ಪ ಹುಡುಕಿಕೊಡ್ತೀರಾ?"

"ಯಾವಾಗ ಕಳೆದುಹೋಗಿದ್ದು?" ಎಂದೆ, ತಿರುಗದೆ.

"ಸಾವಿರದ ಎಂಟುನೂರ ಎಂಬತ್ತೇಳರಲ್ಲಿ."

"ಹಾಗಾದ್ರೆ ಇನ್ನು ಹತ್ತು ನಿಮಿಷ ತಡ ಆದ್ರೆ ಏನೂ ಆಗಲ್ಲ. ಕೂತ್ಕೊಳ್ಳಿ."

ಅವನು ನಕ್ಕ. ಆ ನಗುವಿಗೆ ನಾನು ತಿರುಗಿದೆ. ಬಿಸಿಲಿಗೆ ಕೆಂಪಾದ ಕಿವಿ, ಎಷ್ಟು ತೊಳೆದರೂ ಗ್ರೀಸ್ ಬಿಡದ ಉಗುರು, ಮಡಚಿ ಮಡಚಿ ಬಟ್ಟೆಯಂತಾದ ಒಂದು ಕಾಗದ.

ಬೇಸಿಗೆ ಬಂತೆಂದರೆ ನಮ್ಮ ಸ್ಲೈಗೋ ಸೀಮೆಗೆ ಹಿರಿಯರ ಊರು ಹುಡುಕಿಕೊಂಡು ಇಂಥ ಅಮೆರಿಕದವರು ಬರುತ್ತಲೇ ಇರುತ್ತಾರೆ. ಫೋಟೋ ತೋರಿಸುತ್ತಾರೆ, ಅಳುತ್ತಾರೆ, ಹೋಗುತ್ತಾರೆ. ಹನ್ನೊಂದು ವರ್ಷದಿಂದ ಚರ್ಚಿನ ದಾಖಲೆ ನೋಡಿಕೊಳ್ಳುವ ಈ ಕೆಲಸದಲ್ಲಿದ್ದೇನೆ. ಬಂದವರನ್ನು ಕಂಡು ನನ್ನ ಕೈ ತಾನಾಗಿ ತಲೆಗೂದಲಿಗೆ ಹೋದದ್ದು ಅದೇ ಮೊದಲು. ನನಗಾಗ ಮೂವತ್ತಾರು.

ಹೆಸರು ವಾರೆನ್ ಟ್ಯಾನ್ಸಿ, ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಶಾಲೆ ಬಸ್ಸುಗಳ ಮೆಕ್ಯಾನಿಕ್. ಕಾಗದದಲ್ಲಿ ಮೂರು ಸಾಲು: ಮಾರ್ಟಿನ್ ಟ್ಯಾನ್ಸಿ. ತಂದೆ ಓವನ್. ಊರು ಕ್ಲೂನಾಹಾ.

ಓದಿದ ನನಗೆ ಪುಸ್ತಕ ತೆರೆಯುವ ಅಗತ್ಯವೇ ಬೀಳಲಿಲ್ಲ. ಕ್ಲೂನಾಹಾ ನನ್ನದೇ ಹಳ್ಳಿ. ಓವನ್ ಟ್ಯಾನ್ಸಿಯನ್ನು ಜಮೀನ್ದಾರನ ಜನ ಒಕ್ಕಲೆಬ್ಬಿಸಿದ್ದು, ಹಾರೆ ಹಾಕಿ ಮನೆಯ ಗೋಡೆ ಉರುಳಿಸಿದ್ದು, ಹೆಂಡತಿ ಮಕ್ಕಳೊಂದಿಗೆ ಅವನು ಹಡಗು ಹತ್ತಿದ್ದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆ ನೆಲವನ್ನು ಯಾರೂ ಮುಟ್ಟುವುದಿಲ್ಲ ಎಂದು ಊರಿಗೆ ಊರೇ ಆಣೆ ಮಾಡಿತ್ತು. ಮರುವರ್ಷ ಒಬ್ಬ ಮುಟ್ಟಿದ, ಗೇಣಿಗೆ ಹಿಡಿದ. ನನ್ನ ಮುತ್ತಜ್ಜ.

ಅಂದಿನಿಂದ ನಾವು ಗಿಲ್‌ಮಾರ್ಟಿನ್ ಮನೆಯವರು ನೆಲಗಳ್ಳರು. ಚರ್ಚಿನಲ್ಲಿ ನಮ್ಮ ಬೆಂಚಿಗೆ ಎರಡು ತಲೆಮಾರು ಯಾರೂ ಬಂದು ಕೂರಲಿಲ್ಲ. ಕಮ್ಮಾರ ನಮ್ಮ ಕುದುರೆಗೆ ಲಾಳ ಕಟ್ಟಲಿಲ್ಲ. ಇವತ್ತಿಗೂ ನಾನು ಇಸ್ಪೀಟಿನಲ್ಲಿ ಗೆದ್ದರೆ ಅಂಗಡಿಯ ಬ್ರೀಜ್ ಡರ್ಕನ್ ಎಲೆಗಳನ್ನು ನನ್ನ ಕಡೆ ತಳ್ಳಿ, "ಬಾಚ್ಕೋ ಬಾಚ್ಕೋ, ನಿಮ್ಮ ವಂಶಕ್ಕೆ ಕಲಿಸಿಕೊಡಬೇಕಾ!" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಇಪ್ಪತ್ನಾಲ್ಕಕ್ಕೆ ನನಗೊಂದು ಸಂಬಂಧ ಕೂಡಿಬಂದಿತ್ತು. "ಆ ಮನೆ ಹುಡುಗೀನಾ?" ಎಂದು ಹುಡುಗನ ತಾಯಿ ಒಂದೇ ಮಾತು ಕೇಳಿದಳು. ಅವನು ಮತ್ತೆ ಬರಲಿಲ್ಲ.

ಓವನ್ ಮನೆಯ ಕಲ್ಲುಗಳು ಈಗ ನಮ್ಮ ಕೊಟ್ಟಿಗೆಯ ಗೋಡೆ.

"ಈ ಊರು ಗೊತ್ತಾ ನಿಮಗೆ?" ವಾರೆನ್ ಕೇಳಿದ. ಅವನ ಕಣ್ಣು ತಿಳಿಬೂದು ಬಣ್ಣದ್ದು. ಉತ್ತರ ಬರುವ ಮುಂಚೆಯೇ ಥ್ಯಾಂಕ್ಸ್ ಹೇಳುವಂಥದ್ದು.

"ಗೊತ್ತು. ನಾಳೆ ಕರ್ಕೊಂಡು ಹೋಗ್ತೀನಿ."

ಕರೆದುಕೊಂಡು ಹೋದದ್ದು ಗುಡ್ಡದ ಮೇಲಿನ ಇನ್ನೊಂದು ಟ್ಯಾನ್ಸಿ ಮನೆಗೆ. ಆ ಹೆಸರಿನ ಮನೆಗಳು ನಮ್ಮಲ್ಲಿ ಮೂರಿದ್ದವು. ಇದರಲ್ಲಿದ್ದ ಟಾಮ್ ಎಂಬ ಮುದುಕ ಮದುವೆಯಾಗದೆ ಸತ್ತಿದ್ದ, ಕೇಳುವವರು ಯಾರೂ ಇರಲಿಲ್ಲ. ಮಾಡು ಬಿದ್ದಿತ್ತು. ತುರಿಕೆಸೊಪ್ಪಿನ ನಡುವೆ ಒಲೆಗಲ್ಲು ಉಳಿದಿತ್ತು.

"ಇದೇ," ಎಂದೆ.

ಅವನು ಮಂಡಿಯೂರಿ ಕಲ್ಲಿನ ಮೇಲೆ ಅಂಗೈ ಇಟ್ಟ. ಮಲಗಿದ ಮಗುವಿನ ಹಣೆ ಮುಟ್ಟುವಂತೆ. ಆಮೇಲೆ ಕತ್ತೆತ್ತಿ ನನ್ನನ್ನು ನೋಡಿದ ನೋಟವಿದೆಯಲ್ಲ, ಅದಕ್ಕಾಗಿ ನಾನು ಹತ್ತು ಸುಳ್ಳು ಬೇಕಾದರೂ ಹೇಳುತ್ತಿದ್ದೆ.

ಮೂರು ದಿನಕ್ಕೆಂದು ಬಂದವನು ಮೂರು ವಾರ ಉಳಿದ. ಬ್ರೀಜ್ ಮನೆಯ ಮಹಡಿಯಲ್ಲಿ ರೂಮು, ನಮ್ಮ ಮನೆಯಲ್ಲಿ ಚಹಾ. ಅಪ್ಪನ ಟ್ರ್ಯಾಕ್ಟರ್ ರಿಪೇರಿ ಮಾಡಿದ. ಜೌಗಿನಲ್ಲಿ, ಒಣಗಿಸಿ ಒಲೆಗೆ ಹಾಕುವ ಉರುವಲು ಮಣ್ಣು ಕಡಿಯಲು ಬಂದು ಮೊಣಕಾಲಿನವರೆಗೆ ಹೂತುಕೊಂಡ. ನಾನು ಕೈ ಕೊಟ್ಟು ಎಳೆದೆ.

"ಬಿಡಬೇಡ," ಎಂದ.

"ಮೇಲೆ ಬಂದಾಯ್ತಲ್ಲ."

"ಬಂದಾಯ್ತು. ಅದಕ್ಕೇ ಹೇಳಿದ್ದು, ಬಿಡಬೇಡ."

ಕೆಸರು ಒಣಗಿ ಬಿರುಕು ಬಿಡುವವರೆಗೂ ನಾವಿಬ್ಬರೂ ಕೈ ಬಿಡಲಿಲ್ಲ.

ಅವತ್ತು ಅಪ್ಪ ಪೈಪ್ ಹಚ್ಚುತ್ತಾ ಕೇಳಿದ. "ಹೇಳಿದೀಯೇನೇ ಅವನಿಗೆ?"

"ಇಲ್ಲ."

"ಹೇಳಬೇಡ. ಟ್ಯಾನ್ಸಿ ಕುಲದೋನು ನಮ್ಮನೇಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಟೀ ಕುಡೀತಾನೆ. ನಮ್ಮಪ್ಪ ಇದ್ನ ನೋಡದೆ ಸತ್ತ. ನಾನು ನೋಡ್ದೆ. ಸಾಕು."

ಬ್ರೀಜ್ ಮಾತ್ರ ಅಂಗಡಿಯಲ್ಲಿ ಬ್ರೆಡ್ ಕಟ್ಟಿಕೊಡುತ್ತಾ, "ಈ ಊರಲ್ಲಿ ಯಾರೂ ಬಾಯಿ ಬಿಡಲ್ಲ, ಹೆದರಬೇಡ," ಎಂದಳು. ನಂತರ ದನಿ ತಗ್ಗಿಸಿ, "ಆದ್ರೆ ಹುಡುಗ ಒಳ್ಳೇವ್ನು ಕಣೇ ಅಟ್ರಾಕ್ಟಾ. ಒಳ್ಳೇವ್ರಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು," ಎಂದಳು. ಜೀವನದಲ್ಲಿ ಮೊದಲ ಬಾರಿಗೆ ಅವಳು ನನ್ನನ್ನು ಚುಚ್ಚಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹೊರಡುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಅವನು ಕಂಕುಳಲ್ಲಿ ಒಂದು ತಗಡಿನ ಡಬ್ಬಿ ಇಟ್ಟುಕೊಂಡು ಬಂದ.

"ಏನದು? ಬಿಸ್ಕತ್ತಾ?"

"ನಮ್ಮಪ್ಪ," ಎಂದ. "ಪರಿಚಯ ಮಾಡಿಸೋಣ ಅಂತ ತಂದೆ."

ನನ್ನ ನಗು ಬಾಯಿಯಲ್ಲೇ ಹೆಪ್ಪುಗಟ್ಟಿತು.

"ಫೆಬ್ರವರಿಯಲ್ಲಿ ಹೋದ್ರು. ಗಣಿಯಲ್ಲಿ ಕೆಲಸ ಮಾಡಿದೋರು, ಅಲ್ಲಿನ ಮಣ್ಣು ಸಾಕು ಅಂದ್ರು. ತಾತ ಹುಟ್ಟಿದ ಮನೆ ಒಲೆ ಹತ್ರ ನನ್ನ ಹಾಕು ಅಂತ ಮಾತು ತಗೊಂಡ್ರು. ಮೊದಲೇ ಹೇಳಿದ್ರೆ ನೀನು ಹೆದರಿ ಓಡ್ತಿದ್ದೆ." ಕಣ್ಣು ಮಿಟುಕಿಸಿದ. "ಪಾದ್ರಿಗಳಿಗೆ ಹೇಳಬೇಡ, ಬೂದಿ ಚೆಲ್ಲೋದು ಅವರಿಗಾಗಲ್ಲ."

ಗುಡ್ಡಕ್ಕೆ ಹೋಗುವ ದಾರಿಯಲ್ಲಿ ನಾಲ್ಕು ಗೇಟು. ಮೊದಲನೆಯದರ ಹತ್ತಿರ ಹೇಳಬೇಕೆಂದುಕೊಂಡೆ, ಅವನು ಸಿಳ್ಳೆ ಹಾಕುತ್ತಿದ್ದ. ಎರಡನೆಯದರಲ್ಲಿ ನನ್ನ ಕೂದಲಿಗೆ ಸಿಕ್ಕಿದ ಮುಳ್ಳುಕಡ್ಡಿ ಬಿಡಿಸಿದ. ಅವನ ಬೆರಳು ಕಿವಿಯ ಹಿಂದೆ ಒಂದು ಕ್ಷಣ ಹೆಚ್ಚೇ ನಿಂತಿತು. ಮೂರನೆಯದರಲ್ಲಿ ತನ್ನ ಅಪ್ಪನ ಕಥೆ ಹೇಳತೊಡಗಿದ. ನಾಲ್ಕನೆಯ ಗೇಟು ತೆರೆದೇ ಇತ್ತು.

ಒಲೆಯ ಮುಂದೆ ಅವನು ಮುಚ್ಚಳ ತೆಗೆದ.

"ವಾರೆನ್."

ಅವನು ತಲೆಯೆತ್ತಿದ. ಆ ಮುಖದಲ್ಲಿದ್ದ ನೆಮ್ಮದಿ ನೋಡಿ ನನ್ನ ನಾಲಿಗೆ ಬೇರೆಯೇ ಮಾತಾಡಿತು.

"ಗಾಳಿ ಬೆನ್ನಿಗಿರಲಿ. ನೋಡ್ಕೊಂಡು ಸುರಿ."

ಸುರಿದ. ಕಲ್ಲಿನ ಮೇಲೆ ಸ್ವಲ್ಪ ನಿಂತಿತು, ಸ್ವಲ್ಪ ಸೊಪ್ಪಿನೊಳಗೆ ಇಳಿಯಿತು, ಉಳಿದದ್ದನ್ನು ಗಾಳಿ ಕದವಿಲ್ಲದ ಬಾಗಿಲಿನಿಂದ ಹೊರಗೆ ಕೊಂಡೊಯ್ದಿತು. ಅವನು ಪ್ರಾರ್ಥನೆ ಹೇಳಿದ. ಕೊನೆಗೆ ನಾನೂ ಆಮೆನ್ ಎಂದೆ. ದೇವರು ಆ ಆಮೆನ್ನನ್ನು ಯಾವ ಪುಸ್ತಕದಲ್ಲಿ ಬರೆದುಕೊಂಡನೋ.

ಅವನು ಕೈ ಒರೆಸಿಕೊಂಡು ನನ್ನ ಎರಡೂ ಕೈ ಹಿಡಿದ.

"ಈ ಮನೆಗೆ ಮಾಡು ಹಾಕಿಸ್ತೀನಿ. ಈ ಒಲೇಲಿ ಬೆಂಕಿ ಹಚ್ಚೋಣ, ನಾನೂ ನೀನೂ. ಮದುವೆ ಆಗ್ತೀಯಾ, ಅಟ್ರಾಕ್ಟಾ?"

ಹನ್ನೆರಡು ವರ್ಷ ಕಾದಿದ್ದ ಮಾತು. ಹೂಂ ಎನ್ನಲು ಬಾಯಿ ತೆರೆದೆ. ಕಣ್ಣು ಅವನ ತೋಳಿನ ಮೇಲಿದ್ದ ಬೂದಿಯ ಗೆರೆಗೆ ಬಿತ್ತು.

"ಇದಲ್ಲ," ಎಂದೆ. "ಇದು ನಿಮ್ಮ ಮನೆ ಅಲ್ಲ."

ಎಲ್ಲ ಹೇಳಿದೆ. ಹಾರೆ, ಆಣೆ, ಮುತ್ತಜ್ಜ, ಕೊಟ್ಟಿಗೆ. ಅವನ ಕೈ ಮೆಲ್ಲಗೆ ಜಾರಿತು. ಅವನು ಎಳೆದುಕೊಳ್ಳಲಿಲ್ಲ. ಹಿಡಿದಿರುವುದನ್ನೇ ಮರೆತವನಂತೆ ಬಿಟ್ಟ.

"ತೋರಿಸು," ಎಂದ.

ಕೊಟ್ಟಿಗೆಯಲ್ಲಿ ಅಪ್ಪ ಹುಲ್ಲು ಹರಡುತ್ತಿದ್ದ. ನಮ್ಮ ಮುಖ ನೋಡಿ ಟೋಪಿ ತೆಗೆದ. ವಾರೆನ್ ಗೋಡೆಯ ಕಲ್ಲುಗಳ ಮೇಲೆ ಕೈಯಾಡಿಸಿದ. ತುಂಬಾ ಹೊತ್ತು.

"ಇದಕ್ಕಾ?" ಎಂದು ತಿರುಗಿದ. "ಇಷ್ಟಕ್ಕಾ?"

"ನಿನಗೆ ಗೊತ್ತಾಗಲ್ಲ. ಇಲ್ಲಿ ಇದನ್ನ ಯಾರೂ ಕ್ಷಮಿಸಲ್ಲ."

"ನಮ್ಮನೇಲಿ ನಿಮ್ಮ ಮುತ್ತಜ್ಜನ ಹೆಸರೇ ಯಾರಿಗೂ ಗೊತ್ತಿಲ್ಲ! ಯಾರೋ ಓಡಿಸಿದ್ರು, ಬಂದ್ವಿ. ಅಷ್ಟೇ ಕಥೆ. ನೂರು ವರ್ಷ ನಾವ್ಯಾರೂ ಬೈಲಿಲ್ಲ. ನಿಮಗೆ ನೀವೇ ಬೈಕೊಂಡು ಕೂತಿದೀರಿ." ಅವನ ದನಿ ಒಡೆಯಿತು. "ಮೊದಲನೇ ದಿನ ಹೇಳಿದ್ರೆ ನಗ್ತಿದ್ದೆ. ಇಲ್ಲೇ, ಈ ಹಸು ಮುಂದೆ ನಿಂತು ಮದುವೆ ಕೇಳ್ತಿದ್ದೆ."

"ಈಗ?"

"ಈಗ ನಮ್ಮಪ್ಪ ಅಲ್ಲಿದಾರೆ."

ಖಾಲಿ ಡಬ್ಬಿ ಹಿಡಿದು ಒಬ್ಬನೇ ಗುಡ್ಡ ಹತ್ತಿದ. ಅಂಗಳದಿಂದ ನೋಡುತ್ತಿದ್ದೆ. ತುರಿಕೆಸೊಪ್ಪಿನಲ್ಲಿ ಬಗ್ಗಿದ ಬೆನ್ನು, ಆಚೆ ಈಚೆ. ಮಧ್ಯಾಹ್ನ ಇಳಿದು ಬಂದಾಗ ಅವನ ಕೈಯೆಲ್ಲ ದದ್ದೆದ್ದಿತ್ತು. "ಸಿಗಲಿಲ್ಲ," ಎಂದ. ನನಗಲ್ಲ, ನನ್ನ ಅಪ್ಪನಿಗೆ. ಅಪ್ಪನ ಕೈ ಕುಲುಕಿದ. ಅಪ್ಪ ಅತ್ತ. ಎಂಬತ್ತೊಂದು ವರ್ಷದ ಮುದುಕ, ಟೋಪಿಯಿಂದ ಮುಖ ಮುಚ್ಚಿಕೊಂಡು.

ಮರುದಿನ ಬಸ್ ಸ್ಟಾಪಿಗೆ ನಾನೂ ಹೋದೆ. ಬ್ರೀಜ್ ಅಂಗಡಿಯ ಗಾಜಿನ ಹಿಂದೆ ಸರಿದುಕೊಂಡಳು. ವಾರೆನ್ ನನ್ನ ಮುಖವನ್ನು ನೋಡಿದ. ಮೊದಲ ಸಲ ಒಲೆಗಲ್ಲಿನ ಮುಂದೆ ನೋಡಿದಷ್ಟೇ ಹೊತ್ತು, ಆದರೆ ದಾರಿ ಗುರುತಿಟ್ಟುಕೊಳ್ಳುವವನ ಹಾಗಲ್ಲ, ಮರೆಯುವವನ ಹಾಗೆ.

"ನಾಲ್ಕು ಗೇಟಿತ್ತು, ಅಟ್ರಾಕ್ಟಾ," ಎಂದ. "ನಿನಗೋಸ್ಕರ ನಾಲ್ಕನ್ನೂ ನಾನೇ ನಿಧಾನವಾಗಿ ದಾಟಿದ್ದೆ. ಏನೋ ಹೇಳೋಕೆ ಹೊರಟಿದೀಯ ಅನ್ನಿಸ್ತಿತ್ತು. ಪ್ರೀತಿಸ್ತೀನಿ ಅಂತ ಹೇಳ್ತೀಯ ಅಂದ್ಕೊಂಡಿದ್ದೆ."

ಬಸ್ಸು ಬಂತು. ಅದೂ ನಿಧಾನವಾಗಿಯೇ ಹೊರಟಿತು. ಆ ಮಾತನ್ನು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಎರಡು ವರ್ಷವಾಯಿತು. ಕಾಗದವಿಲ್ಲ. ನಾನು ಭಾನುವಾರ ಚರ್ಚು ಮುಗಿಸಿ ಗುಡ್ಡ ಹತ್ತುತ್ತೇನೆ. ಗುರುತಿಲ್ಲದ ಮನೆಯಲ್ಲಿ ಹಿರಿಯರೊಬ್ಬರನ್ನು ಒಂಟಿಯಾಗಿ ಬಿಟ್ಟು ಬರಬಾರದು, ಬಿಟ್ಟವಳು ನಾನು. ಕಲ್ಲಿನ ಪಕ್ಕ ಕೂತು ಮಾವ ಎಂದು ಕರೆಯುತ್ತೇನೆ. ಯಾವ ಹಸು ಕರು ಹಾಕಿತು, ಯಾರು ಸತ್ತರು, ಹವೆ ಹೇಗಿದೆ. ಕೊನೆಗೆ ಪ್ರತಿ ಸಲವೂ ಇದು ಯಾರ ಮನೆ, ತಮ್ಮದು ಎಲ್ಲಿದೆ, ಅದನ್ನು ಯಾರು ತೆಗೆದುಕೊಂಡರು ಎಂದು ಹೇಳುತ್ತೇನೆ. ಎರಡೇ ನಿಮಿಷದ ಮಾತು. ಒಂದು ಕಡೆಯೂ ನಾಲಿಗೆ ತೊಡರುವುದಿಲ್ಲ.