ಕೋಟು ಒಗೆದ ನೀರಿನ ಮದ್ದು

“ಎನಾಸ್‌ನ ರಕ್ತ ಕೈಗೆ ಅಂಟಿಸ್ಕೊಂಡೋನು ಯಾರಾದ್ರೂ ಇಲ್ಲಿದ್ರೆ, ಈ ಮದ್ದು ತುಂಬಬೇಡಿ. ಈಗ್ಲೇ ಬಾಯಿಬಿಡಿ. ಆಮೇಲೆ ನನ್ನ ಕೈಲೂ ತಡೆಯೋಕಾಗಲ್ಲ.”

ಜೆಲ್ಫಾ ಅತ್ತೆ ಜಗಲಿಯ ಮೇಲೆ ಕೋವಿಮದ್ದು ತುಂಬಿದ ಕೊಂಬು ಹಿಡಿದು ಹೀಗೆಂದಾಗ ನಕ್ಕವನು ರಾಯ್ಸ್ ಒಬ್ಬನೇ. ಕೆಂಟಕಿಯ ಆ ಕಣಿವೆಯಲ್ಲಿ ಹುಟ್ಟಿದವರು ಯಾರೂ ಮುದುಕಿಯ ಮಾತಿಗೆ ನಗುವುದಿಲ್ಲ. ರಾಯ್ಸ್ ಪಟ್ಟಣದವನು, ಬಂದು ಎರಡು ವರ್ಷವಾಗಿತ್ತು ಅಷ್ಟೆ.

ಜಿಂಕೆ ಬೇಟೆ ಶುರುವಾಗುವ ಬೆಳಿಗ್ಗೆ ಕಣಿವೆಯ ಗಂಡಸರೆಲ್ಲ ಅತ್ತೆಯದೇ ಆದ ಕೂಂಬ್ಸ್ ಮನೆಯ ಜಗಲಿಯಲ್ಲಿ ಸೇರಿ, ಬಿಸಿ ಜೋಳದ ರೊಟ್ಟಿ ತಿಂದು, ಕೋವಿಯ ಮೊದಲ ಈಡನ್ನು ಆ ಮನೆಯ ಮದ್ದಿನಿಂದಲೇ ತುಂಬಿಕೊಂಡು ಹೊರಡುವುದು ಅಜ್ಜಂದಿರ ಕಾಲದ ಪದ್ಧತಿ. ಅತ್ತೆಯ ಗಂಡ ಎನಾಸ್ ಕೈಯಾರೆ ಅರೆದ ಮದ್ದೆಂದರೆ ಹಾಗಿತ್ತು. ಅಂಗಡಿಯ ಡಬ್ಬಿಮದ್ದು ಇಬ್ಬನಿಗೆ ಮುನಿಸಿಕೊಂಡು ಕೂತ ದಿನವೂ ಅದು ಒಂದೇ ಕಿಡಿಗೆ ಎದ್ದು ಹಾರುತ್ತಿತ್ತು. ಹೋದ ವರ್ಷ ಇದೇ ದಿನ ಆ ಎನಾಸ್ ಯಾರದೋ ಗುಂಡಿಗೆ ಕಾಡಿನಲ್ಲಿ ಸತ್ತುಬಿದ್ದಿದ್ದ. ಪೊಲೀಸರು ಬಂದು ಹೋದರು. ಯಾರ ಗುಂಡೆಂದು ಗೊತ್ತಾಗಲಿಲ್ಲ.

ಗೊತ್ತಿದ್ದವನು ರಾಯ್ಸ್ ಮಾತ್ರ. ಪೊದೆ ಅಲುಗಿತು, ಜಿಂಕೆಯೆಂದು ಹೊಡೆದಿದ್ದ. ಗೊತ್ತಾದರೆ ಜೈಲು. ಅದಕ್ಕೆ ಬಾಯಿ ಹೊಲಿದುಕೊಂಡು, ಶವಪೆಟ್ಟಿಗೆಗೆ ಹೆಗಲು ಕೂಡ ಕೊಟ್ಟು ಬಂದಿದ್ದ, ಪುಣ್ಯಾತ್ಮ.

“ಇದು ಎನಾಸಣ್ಣ ಮಾಡಿಟ್ಟಿದ್ದೇನತ್ತೆ?” ಎಂದು ನೆರೆಮನೆಯ ಹೋಬಾರ್ಟ್ ಕೇಳಿದ.

“ನಾನೇ ಮಾಡಿದ್ದು. ಇದ್ದಿಲು ಅವನು ಸುಟ್ಟಿಟ್ಟಿದ್ದೇ. ಗಂಧಕ, ಪೆಟ್ಲುಪ್ಪು ಅವನ ಅಳತೇನೇ. ನಾದೋಕೆ ನೀರು ಬೇಕಲ್ಲ, ಅವತ್ತು ಅವನ ರಕ್ತ ಹತ್ತಿದ ಕೋಟು ಒಗೆದ ನೀರು ಎತ್ತಿಟ್ಟಿದ್ದೆ.”



“ವಿಸ್ಕಿ ಹಾಕಿ ನಾದಿದ್ರೆ ನೆಕ್ಕೇಬಿಡ್ತಿದ್ದೆ ಅತ್ತೆ,” ಎಂದ ರಾಯ್ಸ್. “ಇದ್ದಿಲಿಗೆ, ಉಪ್ಪಿಗೆ ಕಣ್ಣು ಕಿವಿ ಇರುತ್ತಾ? ನನ್ನ ಚೀಲದಲ್ಲಿ ಹೊಸ ಡಬ್ಬಿ ಇದೆ, ನನಗೆ ಅದೇ ಸಾಕು.”

“ತಗೋ ಮಾರಾಯ,” ಎಂದ ಹೋಬಾರ್ಟ್. “ಎಲ್ರೂ ತಗೊಂಡ್ರು. ಬೇಡ ಅಂದಿದ್ದು ನೀನೊಬ್ನೇ.”

ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಆ ಮದ್ದೀಗ ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ರಾಯ್ಸ್ ನಗುತ್ತಲೇ ಅಳತೆಯ ಬಟ್ಟಲು ಚಾಚಿದ. ಕಪ್ಪು ಹರಳು ಸರಸರನೆ ಇಳಿದವು. ಹಳೆಯ ತುಕ್ಕಿನಂಥ ವಾಸನೆ ಮೂಗಿಗೆ ಹೊಡೆಯಿತು. ನಳಿಗೆಗೆ ಸುರಿದು, ಗುಂಡಿಟ್ಟು, ಗಜಕೋಲಿನಿಂದ ಜಡಿದ. ಅತ್ತೆ ಅವನ ಕೈಯನ್ನೇ ನೋಡುತ್ತಿದ್ದಳು.

“ಹೇಳ್ದೆ ಅಂತ ಇರ್ಲಿ, ತಮ್ಮಾ,” ಎಂದಳು.

ಗುಡ್ಡ ಹತ್ತುವಾಗ ಮಂಜು ಮರಗಳ ನಡುವೆ ಹೆಪ್ಪುಗಟ್ಟಿ ನಿಂತಿತ್ತು. ಕೊಳೆತ ಎಲೆಯ ವಾಸನೆ, ದೂರದಲ್ಲೊಂದು ಕಾಗೆ, ಮತ್ತೆ ಮೌನ. ಉಳಿದವರು ಬೇರೆ ಬೇರೆ ದಾರಿ ಹಿಡಿದಿದ್ದರು. ಒಬ್ಬನೇ ಆದಮೇಲೆ ರಾಯ್ಸ್‌ಗೆ ಕೋವಿ ಭಾರವೆನಿಸತೊಡಗಿತು. ಕೇಪು ಸಿಡಿಸಿ ಹೊಡೆಯುವ ಕೋವಿಯ ಹಣೆಬರಹವೇ ಅಷ್ಟು, ಜಡಿದ ಮದ್ದನ್ನು ಕಾಡಿನಲ್ಲಿ ತೆಗೆಯುವುದೆಂದರೆ ಹೊಡೆದೇ ತೆಗೆಯಬೇಕು. ಹೊತ್ತುಕೊಂಡು ತಿರುಗಿದರೆ ಮುದುಕಿಯ ಮಾತಿಗೆ ಹೆದರಿದ ಹಾಗೆ. ಥೂ, ಇದೆಂಥ ಹುಚ್ಚು ಎಂದು ತನ್ನನ್ನೇ ಬೈದುಕೊಂಡು, ಮುಂದಿದ್ದ ಒಣಗಿದ ಮರದ ಮೋಟಿಗೆ ಗುರಿಯಿಟ್ಟು ಟ್ರಿಗರ್ ಒತ್ತಿದ.

ಕೇಪು ಚಟ್ಟೆಂದಿತು. ಈಡು ಹಾರಲಿಲ್ಲ. ನಳಿಗೆಯ ಒಳಗೆ ಏನೋ ಸುಸ್ಸೆಂದು ಉಸಿರೆಳೆದುಕೊಂಡಿತು. ಆಮೇಲೆ ಗುಡ್ಡವೇ ನಡುಗುವಂತೆ ಸಿಡಿಯಿತು.

ಹೊಗೆ ಎದ್ದಿತು. ಬಿಳಿ ಹೊಗೆಯಲ್ಲ. ಕಂದು ಬಣ್ಣದ, ಒದ್ದೆ ಉಣ್ಣೆಯ ವಾಸನೆಯ ಹೊಗೆ. ಗಾಳಿ ಬೀಸಿತು, ಎಲೆ ಹಾರಿದವು. ಹೊಗೆ ಹಾರಲಿಲ್ಲ. ಅದು ಮೋಟಿನ ಬಳಿ ನಿಂತಿತು. ಬಾಗಿತು. ನೆಲಕ್ಕೆ ಬಿತ್ತು. ಬಿದ್ದಲ್ಲಿಂದ ತೆವಳತೊಡಗಿತು, ಅವನ ಕಡೆಗೇ.

ರಾಯ್ಸ್ ಓಡಿದ. ಹೊಗೆ ಕಾಲು ಹಿಡಿಯಿತು. ಮುಗ್ಗರಿಸಿದ. ಎದೆಯ ಮೇಲೆ ಏರಿತು. ಒದ್ದೆ. ಭಾರ. ತಣ್ಣಗಿನ ತೋಳು ಕತ್ತಿನ ಸುತ್ತ. ಬಾಯಿ ತೆರೆದರೆ ಬಾಯೊಳಗೇ ನುಗ್ಗಿತು. ಉಸಿರಿಲ್ಲ. ಕಣ್ಣು ಕತ್ತಲು. ಕಿವಿಯ ಹತ್ತಿರ, ತೀರ ಹತ್ತಿರ, ಒಂದು ದನಿ.

“ತಮ್ಮಾ... ಹೋಗ್ಬೇಡ್ವೋ... ನನ್ನ ಎತ್ತು...”

ಆ ಮಾತು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಹೇಳಿದವನು ಮಣ್ಣಿನಲ್ಲಿದ್ದ.

“ನಾನೇ!” ರಾಯ್ಸ್ ಒಳಗಿನ ಕೊನೆಯ ಗಾಳಿಯನ್ನೂ ಕಕ್ಕಿ ಕಿರುಚಿದ. “ನಾನೇ ಹೊಡೆದಿದ್ದು ಎನಾಸಣ್ಣಾ! ನೀನಿನ್ನೂ ಬದುಕಿದ್ದೆ! ಕರೆದೆ, ಕೇಳಿಸ್ತು! ಹೆದರಿ ಓಡಿಬಿಟ್ಟೆ! ತಪ್ಪಾಯ್ತು, ಬಿಟ್ಬಿಡು!”

ಕತ್ತಿನ ಹಿಡಿತ ಸಡಿಲಿತು. ಎದೆಯ ಮೇಲಿನ ಭಾರ ಇಳಿಯಿತು. ಹೊಗೆ ಬೆಳ್ಳಗಾಗಿ, ತೆಳುವಾಗಿ, ಮರಗಳ ಮಧ್ಯೆ ಕರಗಿಹೋಯಿತು. ರಾಯ್ಸ್ ಅಂಗಾತ ಬಿದ್ದು ಗಾಳಿಯನ್ನು ಗಟಗಟನೆ ಕುಡಿದ. ಬದುಕಿದ್ದ. ಜೈಲಾದರೆ ಆಗಲಿ, ಬದುಕಿದ್ದೇನಲ್ಲ ಎಂದು ಅಳುತ್ತ ನಕ್ಕ.

ಎಲೆಗಳ ಮೇಲೆ ಹೆಜ್ಜೆಯ ಸದ್ದಾಯಿತು. ಜೆಲ್ಫಾ ಅತ್ತೆ ನಿಂತಿದ್ದಳು, ಕೈಯಲ್ಲಿ ಗಂಡನ ಕೋವಿ.

“ಅತ್ತೆ, ನನ್ನನ್ನ ಬಿಟ್ಟ... ಅವನು ನನ್ನ ಬಿಟ್ಟುಬಿಟ್ಟ!”

“ಬಿಡ್ತಾನೆ. ಅವನ ಗುಣವೇ ಅದು. ತಪ್ಪಾಯ್ತು ಅಂದ್ರೆ ಸಾಕು, ಬೆಣ್ಣೆ ಹಾಗೆ ಕರಗಿಬಿಡ್ತಿದ್ದ.” ಅತ್ತೆ ಒಂದು ಹೆಜ್ಜೆ ಮುಂದೆ ಬಂದಳು. “ಹೊಡೆದೋನು ಯಾರು ಅಂತ ತಿಳ್ಕೊಂಡು ಪೊಲೀಸರ ಕೈಗೆ ಕೊಡೋಣ ಅಂತಲೇ ನಿನ್ನ ಹಿಂದೇನೇ ಬಂದೆ ಕಣೋ. ಗುಂಡು ಬಿದ್ದ ತಕ್ಷಣ ಪ್ರಾಣ ಹೋಗಿತ್ತು, ನೋವು ತಿಂದಿಲ್ಲ ಅಂದಿದ್ರು ಡಾಕ್ಟ್ರು. ವರ್ಷವೆಲ್ಲ ಆ ಒಂದು ಮಾತು ಹಿಡ್ಕೊಂಡು ನಿದ್ದೆ ಮಾಡ್ತಿದ್ದೆ. ಈಗ ನೀನು ಕಿರುಚಿದ್ದು ಕೇಳಿಸ್ತು. ಕರೆದನಾ? ನಿನ್ನನ್ನ ಕರೆದನಾ?”

ರಾಯ್ಸ್‌ನ ಕಣ್ಣು ಕೋವಿಯ ನಳಿಗೆಯ ಮೇಲೆ ನೆಟ್ಟಿತು. ಮೊಣಕೈಯೂರಿ ಹಿಂದಕ್ಕೆ ಸರಿದ. “ಅತ್ತೆ... ಅದರಲ್ಲಿರೋದೂ... ಅದೇ ಮದ್ದಾ?”

“ಅಲ್ಲ. ಇದು ನಿನ್ನ ಥರದ್ದೇ, ಅಂಗಡಿ ಡಬ್ಬಿದು. ಇದಕ್ಕೆ ಕಣ್ಣೂ ಇಲ್ಲ, ಕಿವೀನೂ ಇಲ್ಲ,” ಎಂದು ಅತ್ತೆ ಕೋವಿಯನ್ನು ಹೆಗಲಿಗೇರಿಸಿದಳು.