ರೆಕ್ಕೆ ಕತ್ತರಿಸಿದ ಹುಲ್ಲುಗೆಂಡೆ

ತೊಟ್ಟಿ ಖಾಲಿಯಾಗಿತ್ತು. ತಳದಲ್ಲಿ ಪಾಚಿ, ಒಂದು ಹರಿದ ಚಪ್ಪಲಿ — ಅಷ್ಟೇ. ನಿನ್ನೆ ಸಂಜೆಯವರೆಗೂ ಅಲ್ಲಿ ಗೇಣುದ್ದದ ಹುಲ್ಲುಗೆಂಡೆ ಮೀನುಗಳು ಕಿಕ್ಕಿರಿದಿದ್ದವು.

"ಕಳ್ಳ ಮೀನು ಒಯ್ದದ್ದು ಸರಿ," ಎಂದ ಸಬ್‌ಇನ್‌ಸ್ಪೆಕ್ಟರ್ ಈರೇಶ, ಒಳಗೆ ಇಣುಕಿ. "ನೀರೂ ಯಾಕ ಒಯ್ದ? ಮನ್ಯಾಗ ನಳ ಬಂದಿದ್ದಿಲ್ಲೇನು?"

ಯಾರೂ ನಗಲಿಲ್ಲ. ಕೋಗಿಲಬನದ ಆಚೆ, ಕಾಳಿ ನದಿಯ ದಂಡೆಗೇ ಕಟ್ಟಿದ ಮೀನುಮರಿ ಕೇಂದ್ರ ಅದು. ಮಾಲೀಕ ಮಹಾಬಳೇಶ್ವರ ಮೀನಿನ ಮೇಲೆ ಡಾಕ್ಟರೇಟ್ ಮಾಡಿದವ. ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಇವು ಸಾದಾ ಮೀನಲ್ರಿ. ಸಾದಾ ಮೀನಿಗೆ ಜೀವಕೋಶದಾಗ ವರ್ಣತಂತು ಎರಡು ಕಂತಿ ಇರ್ತಾವ. ತತ್ತಿಗೆ ಶಾಖ ಕೊಟ್ಟು ನಾ ಮೂರು ಕಂತಿ ಮಾಡೇನಿ. ಇವು ಮರಿ ಮಾಡಂಗಿಲ್ಲ. ಬರೇ ಕೆರಿ ಕಳೆ ತಿಂದು ಬೆಳೀತಾವ. ಇವತ್ತ ಇವನ್ನ ತಗೊಳ್ಳೂ ಕಂಪನಿಯವರು ಬಂದು, ತಾವ ರಕ್ತ ತಗದು ನೋಡಿ, ಎಲ್ಲಾ ಒಯ್ಯವರಿದ್ರು."

"ರಕ್ತದಾಗ ಏನು ಕಾಣ್ತೈತಿ?"

"ಮನುಷ್ಯರ ಕೆಂಪುಕಣಕ್ಕ ನ್ಯೂಕ್ಲಿಯಸ್ ಇರಂಗಿಲ್ಲ, ಮೀನಿಂದಕ್ಕ ಇರ್ತೈತಿ. ಮೂರು ಕಂತಿ ಇದ್ರ ಅದು ದೊಡ್ಡದು ಕಾಣ್ತೈತಿ. ನನ್ನ ಸ್ಲೈಡ್ ಅದಾವ, ಒಯ್ದು ನೋಡ್ರಿ."

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದ್ದ ಈರೇಶನಿಗೆ ಅದು ಗೊತ್ತಿತ್ತು. ಏನೂ ಗೊತ್ತಿಲ್ಲದವನ ಹಾಗೆ ಕೇಳುವುದು ಅವನ ಖಯಾಲಿ.

ಗೇಟಿನ ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ. ಒಬ್ಬ ಮಾಲೀಕ. ಇನ್ನೊಬ್ಬ ಕಾವಲುಗಾರ ಮಿಂಗೇಲ್, ಕೋಗಿಲಬನದ ಸಿದ್ದಿ ಜನಾಂಗದವ.

ಹೆಡ್ ಕಾನ್‌ಸ್ಟೆಬಲ್ ಯಲ್ಲಪ್ಪ ಮಿಂಗೇಲನ ಮನೆಯ ಹಿಂದಿನಿಂದ ಕೂಗಿದ. ಅಲ್ಲಿ ನೀಲಿ ಡ್ರಮ್ಮಿನಲ್ಲಿ ಒಂದು ಹುಲ್ಲುಗೆಂಡೆ ಈಜುತ್ತಿತ್ತು.

ಮಹಾಬಳೇಶ್ವರ ಬಗ್ಗಿ ನೋಡಿದ. "ನಂದ ಇದು. ಎಡಗಡೆ ರೆಕ್ಕಿ ತುದಿ ಕತ್ತರಿಸೇತಿ ನೋಡ್ರಿ. ರಕ್ತ ತಪಾಸಣಿಯೊಳಗ ಪಾಸಾದ ಮೀನಿಗಷ್ಟ ನಾ ಹಂಗ ಗುರ್ತು ಮಾಡೂದು."

"ಖಾತ್ರಿ?"

"ಬರಕೊಳ್ರಿ. ಸಹಿ ಮಾಡ್ತೇನಿ."

"ಮಳಿಗಾಲದಾಗ ಜಿಗದು ಹೊರಗ ಬಿದ್ದಿತ್ರಿ," ಎಂದ ಮಿಂಗೇಲ್ ಮೆಲ್ಲಗೆ. "ಸತ್ತೈತಿ, ಒಗಿ ಅಂತ ಮಾಲಕರು ಅಂದ್ರು. ಉಸರಾಡ್ತಿತ್ತು. ನನ್ನ ಮಗಳು ಸಾಕ್ಯಾಳ."

ಅವನನ್ನೂ ಮೀನಿನ ಡ್ರಮ್ಮನ್ನೂ ಜೀಪಿಗೆ ಹತ್ತಿಸುವಾಗ ಊರಿಗೆ ಊರೇ ನಿಂತು ನೋಡಿತು. ಮಗಳು ಜೆಸ್ಸಿಕಾಳ ಕೈಯಲ್ಲಿ ಮೀನಿಗೆಂದು ಕಿತ್ತ ಹುಲ್ಲು ಹಾಗೇ ಇತ್ತು.

ದಾಂಡೇಲಿಯ ಠಾಣೆಯಲ್ಲಿ ಈರೇಶ ಮೇಜಿನ ಮೇಲೆ ಸಿನಿಮಾ ಠೀವಿಯಲ್ಲಿ ಕೂತು ಕಾಲು ಅಲ್ಲಾಡಿಸಿದ.

"ನೋಡು ಮಿಂಗೇಲ್, ಈ ಖಾಕಿ ಎರಡ ಸಲ ಕೇಳ್ತೈತಿ. ಮೂರನೇ ಸಲ ಆ ಗ್ವಾಡಿ ಕೇಳ್ತೈತಿ."

ಮಿಂಗೇಲ್ ತಿರುಗಿ ಗೋಡೆ ನೋಡಿದ. ಯಲ್ಲಪ್ಪ ಕೆಮ್ಮಿದ.

"ಮೀನು ಯಾರಿಗೆ ಮಾರಿದಿ?"

"ಮಾರಿಲ್ರಿ."

"ಮತ್ತ ಅಲ್ಲಿ ಏನು ಮಾಡ್ತಿದ್ದಿ?"

"ಕಾವಲ್ರಿ. ತೊಟ್ಟಿ ತೊಳಿಯೂದು, ಮೀನಿಗೆ ಹುಲ್ಲು ಕೊಯ್ಯೂದು. ಕಂಪನಿಯವರು ಮೊದಲ ಸಲ ಬರೂ ಮುಂದ ಮಾಲಕರು ಗದ್ದಿಯಿಂದ ಕಪ್ಪಿ ಹಿಡಕೊಂಡು ಬಾ ಅಂದ್ರು. ಅದನ್ನೂ ತಂದು ಕೊಟ್ಟೇನಿ."

ಯಲ್ಲಪ್ಪ ಆಕಳಿಸಿದ. ಈರೇಶನ ಕಾಲು ನಿಂತಿತು.

"ಯಲ್ಲಪ್ಪಣ್ಣ, ಪ್ಯಾಟಿಯಿಂದ ಒಂದು ಜೀವಂತ ಹುಲ್ಲುಗೆಂಡಿ ತರ್ರಿ. ಆಮ್ಯಾಲ ಒಂದು ಕಪ್ಪಿ ಹಿಡೀರಿ."

"ಸರ, ಇಷ್ಟು ವರ್ಷದ ಸರ್ವಿಸ್‌ನ್ಯಾಗ ಕಳ್ಳರನ್ನ ಹಿಡದೇನಿ. ಕಪ್ಪಿ ಹಿಡದಿಲ್ಲ."

"ಹಿಡೀರಿ. ಇಬ್ಬರೂ ಜಿಗೀತಾರ."

ಅಂಬೇವಾಡಿಯ ರಕ್ತ ತಪಾಸಣೆ ಅಂಗಡಿಯಲ್ಲಿ ಅಲ್ಲಿನ ಲ್ಯಾಬ್ ಹುಡುಗಿ ನಸ್ರೀನ ಮೂಗು ಮುಚ್ಚಿಕೊಂಡೇ ಸ್ಲೈಡಿಗೆ ಬಣ್ಣ ಹಾಕಿದಳು. ಈರೇಶ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಮರುದಿನ ಠಾಣೆಯಲ್ಲಿ ಮಹಾಬಳೇಶ್ವರನಿಗೆ ಕುರ್ಚಿ, ಚಹಾ. ಮಿಂಗೇಲನಿಗೆ ನೆಲ.

"ಒಪ್ಪಿಕೊಂಡ್ನೇನ್ರಿ?"

"ಮೀನು ಒಪ್ಪಿಕೊಂಡೇತಿ," ಎಂದ ಈರೇಶ. "ಪ್ಯಾಟಿ ಮೀನಿನ ರಕ್ತ, ಡ್ರಮ್ಮಿನ ಮೀನಿನ ರಕ್ತ. ಎರಡರ ನ್ಯೂಕ್ಲಿಯಸ್ಸೂ ಒಂದ ಅಳತಿ. ಅಂದ್ರ ನಿಮ್ಮ ಮೀನಿಗೂ ಎರಡ ಕಂತಿ, ಡಾಕ್ಟ್ರ."

"ಒಂದ್ಯಾವುದೋ ಕೆಟ್ಟಿರಬಹುದು."

"ಪಾಸಾದದ್ದಕ್ಕಷ್ಟ ರೆಕ್ಕಿ ಕತ್ತರಿಸ್ತೇನಿ ಅಂತ ಸಹಿ ಮಾಡಿದವರು ನೀವು. ಮಿಂಗೇಲನ್ನ ಒಳಗ ಹಾಕಿಸೂ ಅವಸರದಾಗ."

"ನನ್ನ ಸ್ಲೈಡ್ ನೋಡ್ರಿ. ಅದರಾಗ ದೊಡ್ಡದೈತಿ."

"ಅತಿ ದೊಡ್ಡದೈತಿ. ಮೂರು ಕಂತಿ ಇದ್ರ ಕಣ ಒಂದೀಟು ಉದ್ದ ಆಗ್ತೈತಿ. ನಿಮ್ಮ ಸ್ಲೈಡಿನ್ಯಾಗ ಎರಡರಷ್ಟು ಐತಿ. ಮೀನು ಅಷ್ಟು ಹಿಗ್ಗಂಗಿಲ್ಲ. ಯಲ್ಲಪ್ಪಣ್ಣ ಹಿಡದ ಕಪ್ಪಿ ರಕ್ತ ಮಗ್ಗಲಿಗಿಟ್ಟೆ. ಒಂದಕ್ಕೊಂದು ಕೂಡಿತು."

ಮಹಾಬಳೇಶ್ವರ ಲೋಟ ಕೆಳಗಿಟ್ಟ.

"ಇವ ಕಪ್ಪಿ ಸುದ್ದಿ ಹೇಳಿದಾಗ ಯಾರೂ ಲಕ್ಷ್ಯ ಕೊಡಲಿಲ್ಲ," ಎಂದ ಈರೇಶ. "ಹುಲ್ಲು ತಿನ್ನೂ ಮೀನಿಗೆ ಕಪ್ಪಿ ಯಾಕ? ಶಾಖದ ಪ್ರಯೋಗ ಕೈಕೊಟ್ಟಿತ್ತು. ಕಪ್ಪಿ ರಕ್ತ ತೋರಿಸಿ ಕಂಪನಿಯವರಿಂದ ಮುಂಗಡ ತಗೊಂಡ್ರಿ. ಅವರು ತಾವ ರಕ್ತ ತಗೀತೇವಿ ಅಂದ ಮ್ಯಾಲ ಮೀನ ಇರಬಾರದಾಗಿತ್ತು. ಹೊಳಿಗೆ ಹೋಗೂ ತಳದ ಪೈಪಿನ ಜಾಳಿಗಿ ತಗದು ನೀರು ಬಿಟ್ರಿ. ಕಳ್ಳ ನೀರು ಒಯ್ಯಂಗಿಲ್ಲ. ಮೀನು ಕಾಳಿ ಪಾಲಾತು, ಕಳವು ಮಿಂಗೇಲನ ತಲಿಮ್ಯಾಲೆ ಬಿತ್ತು."

ಮಹಾಬಳೇಶ್ವರ ವಕೀಲರಿಗೆ ಫೋನು ಮಾಡಿದ. ಫೋನು ಇಟ್ಟ ಮೇಲೆ ಎದೆ ಹಿಡಿದುಕೊಂಡ. ಯಲ್ಲಪ್ಪ ಅವನನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದ.

"ಏಳು ಮಿಂಗೇಲ್. ನೀ ಇನ್ನ ಮನಿಗೆ ಹೋಗಬಹುದು."

"ನೌಕರಿ, ಸಾಹೇಬ್ರ?"

"ಕೇಂದ್ರಕ್ಕ ಬೀಗ ಬೀಳ್ತೈತಿ."

"ಮೀನು? ಹುಡುಗಿ ಕೇಳ್ತಾಳ."

"ಸಾಕ್ಷಿ ಅದು. ಕೊಡಾಕ ಬರಂಗಿಲ್ಲ." ಈರೇಶ ಬೈಕಿನ ಕೀಲಿ ತೆಗೆದ. "ನಡಿ, ನಾ ಬಿಡ್ತೇನಿ."

"ಬೈಕ್ ಬ್ಯಾಡ್ರಿ. ರೊಕ್ಕಾ ತಿನ್ನಿಸಿ ಬಿಡಿಸಿಕೊಂಡು ಬಂದ ಅಂತಾರ. ಒಯ್ಯೂ ಮುಂದ ಜೀಪ್ ಬಂದಿತ್ತು, ಊರೆಲ್ಲಾ ನೋಡೇತಿ. ಅದ ಜೀಪಿನ್ಯಾಗ ಇಳಿಸಿ, ಇವ ಕಳ್ಳ ಅಲ್ಲ ಅಂತ ನೀವ ಒಂದು ಮಾತು ಹೇಳ್ರಿ."

ಈರೇಶ ಯಲ್ಲಪ್ಪನಿಗೆ ಫೋನು ಹಚ್ಚಿದ.

"ಅಡ್ಮಿಟ್ ಮಾಡ್ಯಾರ್ರಿ ಸರ. ಹುಬ್ಬಳ್ಳಿಗೆ ಒಯ್ಯಬೇಕಾಗಬಹುದಂತ. ಜೀಪ್ ಇಲ್ಲೇ ಇರಲಿ ಅಂತ ಮ್ಯಾಲಿಂದ ಹೇಳ್ಯಾರ."

ಈರೇಶ ಬೈಕಿನ ಕೀಲಿಯನ್ನು ತಿರುಗಿ ಜೇಬಿಗೆ ಹಾಕಿದ.

ಮಿಂಗೇಲ್ ಠಾಣೆಯ ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ಕೂತ.

"ಜೀಪ್ ಬರಲಿ ಬಿಡ್ರಿ," ಎಂದ. "ಕುಂತಿರ್ತೇನಿ."